ಉಣುಗು ಕಚ್ಚಿದ ಮಗುವಿಗೆ ಟ್ಯೂಬ್ ಹಚ್ಚುವ ಮೊದಲು

ಮಾನ್ಯ ಸಂಪಾದಕರೇ,

ಮಗುವಿನ ಕಿವಿಯ ಹಿಂದೆಯೋ ತೊಡೆಸಂದಿಯಲ್ಲೋ ಕೆಂಪು ಸುತ್ತು ಎದ್ದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಕೈಗೆ ಬರುವುದು ಮೆಡಿಕಲ್ ಶಾಪಿನ ಟ್ಯೂಬ್. ಹುಳಕಡ್ಡಿ ಎನ್ನುತ್ತಾರೆ, ಗಜಕರ್ಣ ಎನ್ನುತ್ತಾರೆ, ಸರ್ಪಸುತ್ತು ಇರಬಹುದೇ ಎಂದು ಹಿರಿಯರು ಹೆದರುವುದೂ ಉಂಟು. ಹೆಚ್ಚಿನ ಸಲ ಅದು ಹುಳಕಡ್ಡಿಯೇ ಆಗಿರುತ್ತದೆ. ಆದರೆ ಉಣುಗು ಕಚ್ಚಿದ ಮೇಲೆ ಬರುವ ಒಂದು ಬಗೆಯ ಸುತ್ತು ಇದೆ. ಟ್ಯೂಬ್ ಹಚ್ಚಿದರೂ ಸರಿ, ಹಚ್ಚದಿದ್ದರೂ ಸರಿ, ಮೂರು ನಾಲ್ಕು ವಾರದಲ್ಲಿ ಅದು ತಾನಾಗಿಯೇ ಮಾಸಿಹೋಗುತ್ತದೆ. ಟ್ಯೂಬಿನಿಂದ ಗುಣವಾಯಿತೆಂದು ಮನೆಯವರು ನಂಬುತ್ತಾರೆ, ರೋಗಾಣು ಮಾತ್ರ ಮೈಯೊಳಗೇ ಉಳಿಯುತ್ತದೆ. ಉಣುಗಿನಿಂದ ಹರಡುವ ಈ ಲೈಮ್ ಕಾಯಿಲೆ ಮಕ್ಕಳಲ್ಲಿ ಕಣ್ತಪ್ಪಿಹೋಗುವ ದಾರಿಗಳಲ್ಲಿ ಇದೂ ಒಂದು.

ಇದು ಮುಖ್ಯವಾಗಿ ಅಮೆರಿಕ, ಯೂರೋಪಿನ ಕಾಯಿಲೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಆಸುಪಾಸಿನಲ್ಲಿ ಒಂದೇ ಕಡೆ ಇಷ್ಟು ಮಕ್ಕಳಿಗೆ ಮೊಣಕಾಲು ಊದುತ್ತಿರುವುದೇಕೆ ಎಂದು ತಾಯಂದಿರು ಪಟ್ಟುಹಿಡಿದು ಕೇಳಿದ್ದರಿಂದ 1975ರಲ್ಲಿ ತನಿಖೆ ಶುರುವಾಯಿತು. 1981ರಲ್ಲಿ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಉಣುಗಿನ ಹೊಟ್ಟೆಯಲ್ಲಿ ರೋಗಾಣುವನ್ನು ಪತ್ತೆಹಚ್ಚಿದರು. ಅದಕ್ಕೆ ಅವರ ಹೆಸರನ್ನೇ ಸೇರಿಸಿ ಬೊರೇಲಿಯಾ ಬರ್ಗ್‌ಡಾರ್ಫರಿ ಎಂದು ಕರೆದರು. ಕೇರಳದಲ್ಲಿ ವಯನಾಡಿನಿಂದ ಈ ಕಾಯಿಲೆಯ ವರದಿ ಬಂದಿದೆ, 2024ರ ಡಿಸೆಂಬರಿನಲ್ಲಿ ಎರ್ನಾಕುಳಂ ಜಿಲ್ಲೆಯಲ್ಲೂ ಒಬ್ಬರಲ್ಲಿ ಕಂಡುಬಂತು. ಆದರೂ ಇಲ್ಲಿ ಇದು ಅಪರೂಪವೇ, ಹಾಗಾಗಿ ಕಾಸರಗೋಡಿನ ತಂದೆತಾಯಿ ಹೆದರಿ ನಿದ್ದೆಗೆಡಬೇಕಾಗಿಲ್ಲ. ಆದರೆ ಗುಡ್ಡೆ, ತೋಟ, ಹಟ್ಟಿ ಮೂರೂ ಮನೆಗೆ ತಾಗಿಕೊಂಡೇ ಇರುವ ಎಣ್ಮಕಜೆ, ಬದಿಯಡ್ಕ, ದೇಲಂಪಾಡಿ, ಬೆಳ್ಳೂರು ಕಡೆಯವರು ಉಣುಗಿನ ವಿಷಯವನ್ನು ತಿಳಿದಿರಲೇಬೇಕು. ಲೈಮ್ ಅಪರೂಪವಾದರೂ ಉಣುಗು, ನುಸಿಗಳಿಂದ (ಸೊಳ್ಳೆಯಲ್ಲ, ಮೈಟ್ ಎಂಬ ಪುಟ್ಟ ಹುಳ) ಬರುವ ಬೇರೆ ಜ್ವರಗಳು ನಮ್ಮ ಕಡೆ ಅಷ್ಟು ಅಪರೂಪವಲ್ಲ.

ಮೊದಲು ಉಣುಗಿನ ಬಗ್ಗೆ. ಹಸುವಿನ ಕೆಚ್ಚಲ ಬಳಿ ಹರಳುಬೀಜದ ಹಾಗೆ ಊದಿ ನೇತಾಡುವ ಉಣುಗು ನಮಗೆಲ್ಲ ಗೊತ್ತು. ಆ ಜಾತಿ ಮನುಷ್ಯರನ್ನು ಕಚ್ಚುವುದು ಕಡಿಮೆ. ಮನೆಯ ನಾಯಿಯ ಕಂದು ಉಣುಗು ಲೈಮನ್ನು ಹರಡುವುದಿಲ್ಲ, ಆದರೆ ಕೈಕಾಲುಗಳಲ್ಲೆಲ್ಲ ಕೆಂಪು ಚುಕ್ಕೆ ಏಳಿಸುವ ಇಂಡಿಯನ್ ಟಿಕ್ ಟೈಫಸ್ ಎಂಬ ಜ್ವರ ತರಬಲ್ಲದು. ಲೈಮ್ ಹರಡುವುದು ಕಾಡುಪೊದೆಗಳಲ್ಲಿರುವ ಇಕ್ಸೋಡಿಸ್ ಎಂಬ ಜಾತಿ. ಅದರ ಮರಿ ಗಸಗಸೆ ಕಾಳಿನಷ್ಟು, ಬೆಳೆದದ್ದು ಎಳ್ಳಿನಷ್ಟು ಇರುತ್ತದೆ. ಕಚ್ಚಿದಾಗ ನೋವಾಗುವುದಿಲ್ಲ, ಏಕೆಂದರೆ ಜೊಲ್ಲಿನಲ್ಲೇ ಮರಗಟ್ಟಿಸುವ ಅಂಶವಿದೆ. ‘ಏನೂ ಕಚ್ಚಿಲ್ಲ ಅಮ್ಮಾ’ ಎಂದು ಮಗು ಹೇಳಿದರೆ ಅದು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಗೊತ್ತೇ ಆಗಿರುವುದಿಲ್ಲ.

ಉಣುಗು ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾದಿದ್ದು, ತಾಗಿದವರ ಮೈಗೆ ಅಂಟಿಕೊಂಡು ಮೇಲಕ್ಕೆ ಹತ್ತುತ್ತದೆ. ಮೂರು ನಾಲ್ಕು ವರ್ಷದ ಮಗುವಿನ ತಲೆ ಹುಲ್ಲಿನ ಎತ್ತರದಲ್ಲೇ ಇರುತ್ತದೆ. ಹಾಗಾಗಿ ದೊಡ್ಡವರಿಗೆ ಕಾಲಿನಲ್ಲಿ ಕಚ್ಚಿದರೆ ಸಣ್ಣ ಮಕ್ಕಳಿಗೆ ತಲೆ, ಕುತ್ತಿಗೆಯಲ್ಲಿ ಕಚ್ಚುವುದು ಹೆಚ್ಚು. ಹಟ್ಟಿಗೆ ಹಾಸಲು ಗುಡ್ಡೆಯಿಂದ ತಂದು ರಾಶಿ ಹಾಕಿದ ಸೊಪ್ಪು, ತರಗೆಲೆಯ ಮೇಲೆ ಮಕ್ಕಳು ಹೊರಳಾಡುವುದನ್ನು ದಯವಿಟ್ಟು ತಡೆಯಿರಿ. ಆ ರಾಶಿಯ ಜೊತೆ ಉಣುಗೂ ಅಂಗಳಕ್ಕೆ ಬಂದಿರುತ್ತದೆ.

ಸಂಜೆ ಮೀಯಿಸುವಾಗ ಮಗುವಿನ ಮೈ ನೋಡಲು ಎರಡು ನಿಮಿಷ ಸಾಕು. ಕಣ್ಣಿಗಿಂತ ಬೆರಳ ತುದಿಯನ್ನು ನಂಬಿ. ಕೂದಲಿನ ಅಂಚು, ಕಿವಿಯ ಹಿಂದೆ, ಕಿವಿಯ ಮಡಿಕೆ, ಕುತ್ತಿಗೆಯ ಹಿಂಭಾಗ, ಕಂಕುಳು, ಹೊಕ್ಕುಳು, ಚಡ್ಡಿಯ ಇಲಾಸ್ಟಿಕ್ ಕೂರುವ ಜಾಗ, ತೊಡೆಸಂದಿ, ಮಂಡಿಯ ಹಿಂದೆ, ಕಾಲ್ಬೆರಳ ಸಂದು – ಇಲ್ಲೆಲ್ಲ ಸಣ್ಣ ಹಕ್ಕಳೆಯ ಹಾಗೆ ಏನಾದರೂ ತಡೆದರೆ ಬೆಳಕಿನಲ್ಲಿ ನೋಡಿ. ಹಕ್ಕಳೆಗೆ ಕಾಲಿರುವುದಿಲ್ಲ. ದಿನವೂ ನೋಡಿದರೆ ದೊಡ್ಡ ಲಾಭವಿದೆ. ಲೈಮ್ ರೋಗಾಣು ಉಣುಗಿನ ಹೊಟ್ಟೆಯಿಂದ ಜೊಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ, ಸಾಮಾನ್ಯವಾಗಿ 24ರಿಂದ 36 ಗಂಟೆಗೂ ಹೆಚ್ಚು. ಅಂದು ಹತ್ತಿದ್ದನ್ನು ಅಂದೇ ಕಿತ್ತರೆ ಲೈಮ್ ಬರುವ ಸಾಧ್ಯತೆ ತೀರಾ ಕಡಿಮೆ.

ಕೀಳುವ ಕ್ರಮ ಹೀಗೆ. ಮುಳ್ಳು ತೆಗೆಯುವ, ತುದಿ ಚೂಪಾದ ಚಿಮಟ ಬೇಕು. ಉಣುಗಿನ ಹೊಟ್ಟೆಯನ್ನು ಮುಟ್ಟಬೇಡಿ, ತಲೆ ಚರ್ಮಕ್ಕೆ ಹೊಕ್ಕ ಜಾಗದಲ್ಲೇ, ಚರ್ಮಕ್ಕೆ ಒತ್ತಿಕೊಂಡಂತೆ ಹಿಡಿಯಿರಿ. ತಿರುಚದೆ, ಜಗ್ಗದೆ, ಒಂದೇ ಹದದಲ್ಲಿ ನೇರ ಮೇಲಕ್ಕೆ ಎಳೆದು ಹಿಡಿದಿರಿ. ಚರ್ಮ ಸ್ವಲ್ಪ ಗುಡಾರದ ಹಾಗೆ ಎದ್ದು ನಿಲ್ಲುತ್ತದೆ, ಅವಸರ ಮಾಡದಿದ್ದರೆ ಕೆಲವು ಸೆಕೆಂಡುಗಳಲ್ಲಿ ಹಿಡಿತ ಬಿಡುತ್ತದೆ. ಬಾಯಿಯ ಕರಿ ಚುಕ್ಕೆಯೊಂದು ಒಳಗೆ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ಅದು ಮುಳ್ಳಿನ ಹಾಗೆ ತಾನಾಗಿ ಹೊರಬರುತ್ತದೆ. ಕೆದಕಿದರೆ ಕೀವಾಗುತ್ತದೆ. ಆಮೇಲೆ ಸಾಬೂನು, ನೀರು, ಸ್ಪಿರಿಟ್. ಚಿಮಟ ಇಲ್ಲದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿಕೊಂಡು ಹಾಗೆಯೇ ಹಿಡಿಯಬಹುದು. ಬರಿಗೈಯಲ್ಲಿ ಹಿಡಿದು ಉಗುರಿನಲ್ಲಿ ಕುಟ್ಟುವುದು ಬೇಡವೇ ಬೇಡ.

ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ನೀರು, ಬೀಡಿಯ ಬೆಂಕಿ – ಇವು ಹಸುವಿಗೆ ಮಾಡಿದ ಉಪಚಾರವನ್ನು ಮಗುವಿಗೂ ಮಾಡುವ ಅಭ್ಯಾಸ. ಉಣುಗು ಬೇಗ ಬಿಡುತ್ತದೆಂಬ ಭರವಸೆ ಇಲ್ಲ. ಒದ್ದಾಡುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಾರುವ ಅಪಾಯವಿದೆ, ಮಗುವಿನ ಚರ್ಮ ಸುಡುವುದಂತೂ ಖಂಡಿತ.

ಕಿತ್ತ ಉಣುಗನ್ನು ಎಸೆಯಬೇಡಿ. ಸ್ವಲ್ಪ ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ, ಇಲ್ಲವೇ ಬಿಳಿ ಕಾಗದದ ಮೇಲಿಟ್ಟು ಸೆಲ್ಲೋಟೇಪ್ ಅಂಟಿಸಿ. ತಾರೀಖು, ಮೈಯಲ್ಲಿ ಯಾವ ಜಾಗ, ಮಗು ಆ ದಿನ ಎಲ್ಲೆಲ್ಲಿ ಆಡಿತ್ತು ಎಂದು ಬರೆದಿಡಿ. ಗಡಿಭಾಗದ ನಮಗೆ ಇದರಿಂದ ಇನ್ನೂ ಒಂದು ಉಪಕಾರವಿದೆ. ಆರೋಗ್ಯ ಕೇಂದ್ರದಲ್ಲಿ ಮಾತು ಮಲಯಾಳಂನಲ್ಲಿ ನಡೆಯುತ್ತದೆ. ‘ಚೆಳ್ಳ್’ ಎಂಬ ಒಂದೇ ಪದ ಅಲ್ಲಿ ಉಣುಗಿಗೂ ನುಸಿಗೂ ಚಿಗಟಕ್ಕೂ ಬಳಕೆಯಾಗುತ್ತದೆ, ‘ಚೆಳ್ಳುಪನಿ’ ಎಂದರೆ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ. ಕನ್ನಡ ಮಾತ್ರ ಬರುವ ಅಜ್ಜಿ ಮಗುವನ್ನು ಕರೆದುಕೊಂಡು ಹೋಗಿ ‘ಏನೋ ಹುಳ ಕಚ್ಚಿದೆ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಭಾಷೆಯ ತೊಡಕೇ ಇಲ್ಲ.

ಕಚ್ಚಿದ ದಿನದಿಂದ 30 ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕಚ್ಚಿದ ಮಾರನೆ ದಿನವೇ ಅಲ್ಲಿ ಕೆಂಪಾಗಿ, ತುರಿಸಿ, ಒಂದೆರಡು ದಿನದಲ್ಲಿ ಇಳಿದರೆ ಅದು ಉಣುಗಿನ ಜೊಲ್ಲಿಗೆ ಬಂದ ಅಲರ್ಜಿ, ಔಷಧಿ ಬೇಡ. ಲೈಮ್ ಸುತ್ತು ಬರುವುದು 3ರಿಂದ 30 ದಿನದೊಳಗೆ, ಹೆಚ್ಚಾಗಿ ಒಂದು ವಾರದ ಆಸುಪಾಸಿನಲ್ಲಿ. ಅದು ದಿನದಿಂದ ದಿನಕ್ಕೆ ಹರಡುತ್ತದೆ, 5 ಸೆಂಟಿಮೀಟರ್ ದಾಟುತ್ತದೆ, ಕೆಲವರಲ್ಲಿ 30 ಸೆಂಟಿಮೀಟರ್‌ವರೆಗೂ ಹೋಗುತ್ತದೆ. ಮುಟ್ಟಿದರೆ ಬೆಚ್ಚಗಿರಬಹುದು, ತುರಿಕೆ ನೋವು ಇಲ್ಲವೆನ್ನುವಷ್ಟು ಕಡಿಮೆ. ನಡುವೆ ತಿಳಿಯಾಗಿ ಸುತ್ತ ಕೆಂಪು ಉಳಿದು ಬಳೆಯಂತೆ ಕಾಣುವುದೂ ಉಂಟು. ಆದರೆ ಬಳೆಯ ಆಕಾರ ಬಂದೇ ಬರಬೇಕೆಂದಿಲ್ಲ, ಇಡೀ ಕಲೆ ಒಂದೇ ಸಮ ಕೆಂಪಾಗಿಯೂ ಇರಬಹುದು. ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ನಮ್ಮ ಮಕ್ಕಳ ಮೈಬಣ್ಣದಲ್ಲಿ ಅದು ನೇರಳೆ ಅಥವಾ ಕಂದು ಛಾಯೆಯಲ್ಲಿ, ಪೆಟ್ಟು ಬಿದ್ದು ಕಂದಿದ ಹಾಗೆ ಕಾಣಬಹುದು. ಕೆಂಪೇ ಕಾಣುತ್ತಿಲ್ಲವೆಂದು ಬಿಟ್ಟುಬಿಡಬಾರದು.

ಅಳೆಯುವುದಕ್ಕೆ ಶಾಲೆಯ ಸ್ಕೇಲ್ ಸಾಕು. ಕಲೆಯ ಅಂಚಿನ ಗುಂಟ ಬಾಲ್ ಪೆನ್ನಿನಲ್ಲಿ ಹಗುರವಾಗಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮಾರನೆ ದಿನ ಕೆಂಪು ಆ ಗೆರೆಯನ್ನು ದಾಟಿದೆಯೇ ನೋಡಿ. ಅಂಥ ಎರಡು ಫೋಟೋ ನೋಡಿದರೆ ವೈದ್ಯರಿಗೆ ತಿಳಿಯುವಷ್ಟು ಹತ್ತು ಮಾತಿನಲ್ಲಿ ತಿಳಿಯದು. ಹುಳಕಡ್ಡಿಯ ಅಂಚು ಹೊಟ್ಟು ಹೊಟ್ಟಾಗಿ ಉಬ್ಬಿರುತ್ತದೆ, ಚೆನ್ನಾಗಿ ತುರಿಸುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಸರ್ಪಸುತ್ತು ನೀರ್ಗುಳ್ಳೆಗಳ ಗೊಂಚಲಾಗಿ, ಮೈಯ ಒಂದೇ ಬದಿಯಲ್ಲಿ ಬರುತ್ತದೆ. ಲೈಮ್ ಸುತ್ತಿನಲ್ಲಿ ಹೊಟ್ಟಾಗಲಿ ನೀರ್ಗುಳ್ಳೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ವೈದ್ಯರು ನೋಡುವವರೆಗೆ ಏನನ್ನೂ ಹಚ್ಚಬೇಡಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಿಶ್ರ ಮುಲಾಮುಗಳಲ್ಲಿ ಹೆಚ್ಚಿನವಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ಅದು ಕೆಂಪನ್ನು ಇಳಿಸಿ ಕಲೆಯ ಗುರುತನ್ನೇ ಕೆಡಿಸುತ್ತದೆ, ಹುಳಕಡ್ಡಿಯಾಗಿದ್ದರೆ ಅದನ್ನೂ ಬಿಗಡಾಯಿಸುತ್ತದೆ.

ಸುಮಾರು ನಾಲ್ಕರಲ್ಲಿ ಮೂವರಿಗೆ ಈ ಸುತ್ತು ಬರುತ್ತದೆ. ಬಾರದವರಲ್ಲಿ ಕಾಯಿಲೆ ತಡವಾಗಿ ತಲೆಯೆತ್ತುತ್ತದೆ. ಅತ್ತಾಗ ಮಗುವಿನ ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕಣ್ಣು ಪೂರ್ತಿ ಮುಚ್ಚದಿದ್ದರೆ, ಕುಡಿದ ಹಾಲು ಬಾಯಂಚಿನಿಂದ ಸೋರಿದರೆ ಅದೇ ದಿನ ಮಕ್ಕಳ ತಜ್ಞರಿಗೆ ತೋರಿಸಬೇಕು, ಹಿಂದಿನ ತಿಂಗಳುಗಳಲ್ಲಿ ಉಣುಗು ಕಚ್ಚಿತ್ತೆಂದು ಅವರು ಕೇಳದಿದ್ದರೂ ಹೇಳಬೇಕು. ತಿಂಗಳುಗಳ ಮೇಲೆ ಒಂದು ಮೊಣಕಾಲು ತೆಂಗಿನಕಾಯಿಯಂತೆ ಊದಿಕೊಂಡೂ ಮಗು ಕುಂಟುತ್ತ ಆಡಿಕೊಂಡಿರಬಹುದು, ಊತದಷ್ಟು ನೋವಿರುವುದಿಲ್ಲ. ಜ್ವರ ಜೋರಾಗಿದ್ದು ಮಗು ಕಾಲನ್ನು ಮುಟ್ಟಲೂ ಬಿಡದೆ, ನೆಲಕ್ಕೆ ಊರಲೂ ಒಪ್ಪದಿದ್ದರೆ ಕೀಲಿನಲ್ಲಿ ಕೀವಾಗಿರಬಹುದು, ಆಗ ಒಂದು ರಾತ್ರಿಯೂ ಕಾಯುವಂತಿಲ್ಲ. ತಲೆಸುತ್ತಿ ಬೀಳುವುದು, ನಾಡಿ ತೀರಾ ನಿಧಾನವಾಗುವುದು ಕಂಡರೆ ಇಸಿಜಿ ಆಗಲೇಬೇಕು. ಹೃದಯಕ್ಕೆ ತಾಗುವುದು ಅಪರೂಪ, ಆದರೆ ತಾಗಿದರೆ ಪ್ರಾಣಾಪಾಯ.

ರಕ್ತಪರೀಕ್ಷೆಯ ವಿಷಯದಲ್ಲಿ ಎರಡು ಬಗೆಯ ತಪ್ಪು ಆಗುತ್ತದೆ. ಸುತ್ತು ಎದ್ದ ಮೊದಲ ವಾರದಲ್ಲೇ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂತೆಂದು ಸುಮ್ಮನಾಗುವುದು ಒಂದು. ಪರೀಕ್ಷೆ ನೋಡುವುದು ಮೈ ತಯಾರಿಸುವ ಪ್ರತಿಕಾಯವನ್ನು, ಅದು ಗೊತ್ತಾಗುವಷ್ಟು ಏರಲು ಕೆಲವು ವಾರ ಬೇಕು. ಲೈಮ್ ಇರುವ ಊರಿನಲ್ಲಿ ಸ್ಪಷ್ಟ ಸುತ್ತು ಕಂಡರೆ ವೈದ್ಯರು ಪರೀಕ್ಷೆಗೆ ಕಾಯದೆ ಔಷಧಿ ಶುರುಮಾಡುತ್ತಾರೆ. ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ. ಸುಸ್ತು, ಮೈಕೈ ನೋವು ಎಂದು ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದದ್ದೇ ತಡ ತಿಂಗಳುಗಟ್ಟಲೆ ಇಂಜೆಕ್ಷನ್ ಹಾಕಿಸುವುದು. ಲೈಮ್ ರೋಗಾಣುವೂ ಇಲಿಜ್ವರದ ರೋಗಾಣುವೂ ಸುರುಳಿ ಆಕಾರದ ಒಂದೇ ಬಳಗದವು. ಇಲಿಜ್ವರ ಬಂದುಹೋದವರ ರಕ್ತದಲ್ಲಿ ಲೈಮ್ ಪರೀಕ್ಷೆ ಸುಳ್ಳು ಪಾಸಿಟಿವ್ ಆಗಬಹುದು, ಮಳೆಗಾಲದಲ್ಲಿ ಇಲಿಜ್ವರ ಕಾಣುವ ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆಯುವಂತಿಲ್ಲ. ಎಲೈಸಾ ಎಂಬ ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ವೆಸ್ಟರ್ನ್ ಬ್ಲಾಟ್‌ನಂಥ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಬೇಕು. ಗುಣವಾದ ಮೇಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯುವುದರಿಂದ ‘ಹೋಯಿತೇ’ ಎಂದು ಮತ್ತೆ ಮತ್ತೆ ಪರೀಕ್ಷೆ ಮಾಡಿಸುವುದು ವ್ಯರ್ಥ ಖರ್ಚು.

ಔಷಧಿ ಬರೆಯುವುದು ವೈದ್ಯರ ಕೆಲಸ, ಆದರೆ ಮನೆಯವರಿಗೆ ಲೆಕ್ಕ ತಿಳಿದಿರಲಿ. ಸುತ್ತಿನ ಹಂತದಲ್ಲಿ ಅಮಾಕ್ಸಿಸಿಲಿನ್ ಆದರೆ ಕಿಲೋ ತೂಕಕ್ಕೆ ದಿನಕ್ಕೆ 50 ಮಿಲಿಗ್ರಾಂ, ಮೂರು ಪಾಲು ಮಾಡಿ, 14 ದಿನ. 15 ಕಿಲೋ ಮಗುವಿಗೆ ಒಂದು ಹೊತ್ತಿಗೆ 250 ಮಿಲಿಗ್ರಾಂ ಆಯಿತು. 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಆದರೆ ಹೊತ್ತಿಗೆ 10 ಮಿಲಿ, ದಿನಕ್ಕೆ 30. ಅಂದರೆ 60 ಮಿಲಿ ಬಾಟಲಿ ಎರಡೇ ದಿನಕ್ಕೆ ಮುಗಿಯುತ್ತದೆ, ಪೂರ್ತಿ ಕೋರ್ಸಿಗೆ 7 ಬಾಟಲಿ ಬೇಕು. ಒಂದು ಬಾಟಲಿ ಮುಗಿದಾಗ ಕಲೆ ಮಾಸತೊಡಗಿರುತ್ತದೆ, ಔಷಧಿ ಅಲ್ಲಿಗೇ ನಿಲ್ಲುತ್ತದೆ. ಇಂಥ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದಲೇ ತೊಂದರೆ. ಬಾಟಲಿಯ ಮೇಲಿನ ಗೆರೆಯವರೆಗೆ ಕುದಿಸಿ ಆರಿಸಿದ ನೀರು ಹಾಕಿ ಚೆನ್ನಾಗಿ ಕುಲುಕಿ, ಒಮ್ಮೆಗೆ ಒಂದೇ ಬಾಟಲಿ ಕಲಸಿ. ಅಳೆಯಲು ಅಡುಗೆಮನೆಯ ಚಮಚ ಬೇಡ, ಜೊತೆಗೆ ಬರುವ ಮುಚ್ಚಳ ಅಥವಾ ಸಿರಿಂಜ್ ಬಳಸಿ.

ಡಾಕ್ಸಿಸೈಕ್ಲಿನ್ ಆದರೆ ಕಿಲೋಗೆ ದಿನಕ್ಕೆ 4.4 ಮಿಲಿಗ್ರಾಂ, ಎರಡು ಪಾಲು, 10 ದಿನ. ಎಂಟು ವರ್ಷದೊಳಗಿನ ಮಕ್ಕಳಿಗೆ ಹಲ್ಲು ಹಳದಿಯಾಗುತ್ತದೆಂದು ಇದನ್ನು ಕೊಡದಿರುವುದು ಹಳೆಯ ಪದ್ಧತಿ. ಆ ಭಯ ಬಂದದ್ದು ಅದೇ ಬಳಗದ ಹಳೆಯ ಟೆಟ್ರಾಸೈಕ್ಲಿನ್‌ನಿಂದ. 21 ದಿನದವರೆಗೆ ಡಾಕ್ಸಿಸೈಕ್ಲಿನ್ ಯಾವ ವಯಸ್ಸಿನ ಮಗುವಿಗೂ ಕೊಡಬಹುದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈಗ ಹೇಳುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಆಯ್ಕೆಗೆ ಬೇರೆಯೇ ತೂಕವಿದೆ. ಉಣುಗೋ ನುಸಿಯೋ ಕಚ್ಚಿದ ಮಗುವಿಗೆ ಜ್ವರವೂ ಇದ್ದರೆ ಅದು ಸ್ಕ್ರಬ್ ಟೈಫಸ್ ಆಗಿರುವ ಸಾಧ್ಯತೆ ಲೈಮ್‌ಗಿಂತ ಎಷ್ಟೋ ಹೆಚ್ಚು. ಸ್ಕ್ರಬ್ ಟೈಫಸ್ಸಿಗೆ ಅಮಾಕ್ಸಿಸಿಲಿನ್ ನಾಟುವುದೇ ಇಲ್ಲ, ಡಾಕ್ಸಿಸೈಕ್ಲಿನ್ ಎರಡಕ್ಕೂ ನಾಟುತ್ತದೆ. ‘ಡಾಕ್ಟ್ರೇ, ಡಾಕ್ಸಿ ಕೊಡಬಹುದೇ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮಾತ್ರೆಯನ್ನು ಊಟದ ನಂತರ, ಧಾರಾಳ ನೀರಿನ ಜೊತೆ ಕೊಟ್ಟು ಅರ್ಧ ಗಂಟೆ ಮಲಗಿಸಬೇಡಿ. ಕಬ್ಬಿಣದ ಟಾನಿಕ್ ಜೊತೆಜೊತೆಗೆ ಬೇಡ. ಬಿಸಿಲಿಗೆ ಹೋಗುವಾಗ ಟೊಪ್ಪಿ ಹಾಕಿ, ಚರ್ಮ ಬೇಗ ಕಂದುತ್ತದೆ. ಲೈಮ್ ಚಿಕಿತ್ಸೆಯ ಮೊದಲ ದಿನ ಜ್ವರ, ಮೈನೋವು ಸ್ವಲ್ಪ ಏರಬಹುದು. ರೋಗಾಣು ಸಾಯುವಾಗ ಹಾಗಾಗುತ್ತದೆ, ಔಷಧಿ ಒಗ್ಗಲಿಲ್ಲವೆಂದು ನಿಲ್ಲಿಸದೆ ವೈದ್ಯರಿಗೆ ಫೋನ್ ಮಾಡಿ.

ಸ್ಕ್ರಬ್ ಟೈಫಸ್ಸಿನ ಗುರುತು ಕೆಂಪು ಸುತ್ತಿನಂತಲ್ಲ. ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ, ಸುತ್ತ ಕೆಂಪಂಚು, ನೋವಿಲ್ಲ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ಅಡಗಿರುತ್ತದೆ. ಬಟ್ಟೆ ಪೂರ್ತಿ ಬಿಚ್ಚಿ ನೋಡದ ಕಾರಣಕ್ಕೇ ತಪ್ಪಿಹೋಗುತ್ತದೆ. ಮಂಗನ ಕಾಯಿಲೆಯನ್ನೂ ಮರೆಯಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಇದು ವಯನಾಡಿಗೂ ಬಂದಿದೆ. ಉಣುಗು ಕಚ್ಚಿ 3ರಿಂದ 8 ದಿನದಲ್ಲಿ ದಿಢೀರ್ ಜ್ವರ, ಹಣೆ ಸಿಡಿಯುವ ತಲೆನೋವು, ಮಾಂಸಖಂಡಗಳ ನೋವು, ಕೆಂಪು ಕಣ್ಣು. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಇದು ವೈರಸ್ಸಿನದ್ದಾದ್ದರಿಂದ ಮೇಲಿನ ಯಾವ ಆಂಟಿಬಯಾಟಿಕ್ಕೂ ಉಪಯೋಗಕ್ಕೆ ಬರುವುದಿಲ್ಲ, ಆಸ್ಪತ್ರೆಯ ಆರೈಕೆಯೇ ಗತಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ.

ಉಣುಗು ಕಚ್ಚಿದ ಮೇಲೆ ಬಂದ ಯಾವ ಜ್ವರಕ್ಕೂ ಆಸ್ಪಿರಿನ್, ಐಬುಪ್ರೊಫೆನ್ ಮನೆಯಲ್ಲೇ ಕೊಡಬೇಡಿ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. 12 ಕಿಲೋ ಮಗುವಿಗೆ 180 ಮಿಲಿಗ್ರಾಂ ಎಂದರೆ 125ರ (5 ಮಿಲಿಯಲ್ಲಿ 125 ಮಿಲಿಗ್ರಾಂ) ಸಿರಪ್ಪಿನಲ್ಲಿ 7 ಮಿಲಿ, 250ರದ್ದರಲ್ಲಿ ಮೂರೂವರೆ. ಬಾಟಲಿಯ ಮೇಲಿನ ಸಂಖ್ಯೆ ಓದದೆ ಕೊಟ್ಟರೆ ಇಮ್ಮಡಿ ಹೋಗುತ್ತದೆ. ಕುತ್ತಿಗೆ ಬಿಗಿತ, ಮಂಪರು, ಅಪಸ್ಮಾರ, ಒಸಡು ಅಥವಾ ಮೂಗಿನಲ್ಲಿ ರಕ್ತ, ಏದುಸಿರು, ಆರೇಳು ಗಂಟೆ ಮೂತ್ರವಿಲ್ಲದಿರುವುದು ಕಂಡರೆ ತಡಮಾಡದೆ ಹೊರಡಿ. ಕಚ್ಚಿದ ಕೂಡಲೇ, ಯಾವ ಲಕ್ಷಣವೂ ಇಲ್ಲದ ಮಗುವಿಗೆ ಆಂಟಿಬಯಾಟಿಕ್ ಮಾತ್ರ ನಮ್ಮ ಕಡೆ ಬೇಡ, ಕಾದು ನೋಡಿದರೆ ಸಾಕು.

ಉಣುಗಿನ ಹೆದರಿಕೆಗೆ ಅಂಗಳಕ್ಕೆಲ್ಲ ಕೀಟನಾಶಕ ಸುರಿಯಲು ಯಾರೂ ಹೊರಡಬಾರದೆಂದೂ ಕೇಳಿಕೊಳ್ಳುತ್ತೇವೆ. ಎಂಡೋಸಲ್ಫಾನಿನ ನೋವುಂಡ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದ ಅಂಚಿನ ಹುಲ್ಲು ಸವರುವುದು, ತರಗೆಲೆ ರಾಶಿಯನ್ನು ಮನೆಯಿಂದ ದೂರ ಹಾಕುವುದು, ಗುಡ್ಡೆಗೆ ಹೋಗುವ ಮಗುವಿಗೆ ಉದ್ದ ಪ್ಯಾಂಟ್ ಹಾಕಿ ಅದರ ತುದಿಯನ್ನು ಸಾಕ್ಸಿನೊಳಗೆ ತೂರಿಸುವುದು, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು – ಇಷ್ಟರಿಂದಲೇ ಬಹಳಷ್ಟು ತಪ್ಪುತ್ತದೆ.

ಕೊನೆಗೆ ಆರೋಗ್ಯ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಒತ್ತಾಯ. ಕೇರಳದ ದಿಶಾ ಸಹಾಯವಾಣಿ 1056 ಇದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ, ಅದಕ್ಕೆ ಕೃತಜ್ಞತೆಯಿದೆ. ಆದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮನೆಗಳಿಗೆ ಉಣುಗು, ಸ್ಕ್ರಬ್ ಟೈಫಸ್, ಮಂಗನ ಕಾಯಿಲೆಯ ಮಾಹಿತಿ ಕನ್ನಡದಲ್ಲಿ, ನಮ್ಮ ಮಕ್ಕಳ ಮೈಬಣ್ಣದ ಚಿತ್ರಗಳೊಂದಿಗೆ ತಲುಪಬೇಕು. ಅಂಗನವಾಡಿಯ ಗೋಡೆಯಲ್ಲಿ ಒಂದು ಹಾಳೆ, ಆರೋಗ್ಯ ಕೇಂದ್ರದ ಒಪಿ ಚೀಟಿಯಲ್ಲಿ ‘ಉಣುಗು ಕಚ್ಚಿದ ದಿನ’ ಎಂದು ಎರಡೂ ಭಾಷೆಯಲ್ಲಿ ಒಂದು ಗೆರೆ. ಚೀಟಿಯಲ್ಲಿ ಆ ಗೆರೆ ಇದ್ದರೆ ವೈದ್ಯರು ಕೇಳುತ್ತಾರೆ, ತಾಯಿ ಕ್ಯಾಲೆಂಡರ್ ನೆನಪಿಸಿಕೊಂಡು ಉತ್ತರ ಹೇಳುತ್ತಾಳೆ.

– ಮಕ್ಕಳ ಆರೋಗ್ಯ ಕ್ಷೇತ್ರದ ಓದುಗರು, ಬದಿಯಡ್ಕ